ಕಥರೀನಾಳ ಮಾನ, ಪತ್ರಿಕೆಯ ಮಾತು



ಜರ್ಮನ್ ಚಿತ್ರೋತ್ಸವದ ಉದ್ಘಾಟನೆಗೆ ಸಿನಿಮಾದವರನ್ನು ಬಿಟ್ಟು ನನ್ನನ್ನೇಕೆ ಕರೆದಿರಿ ಎಂದು ಚಿತ್ರ ಸಮಾಜದ ಗೆಳೆಯರನ್ನು ಕೇಳಿದೆ. ‘ಮೊದಲ ಚಿತ್ರ ಕಥರೀನಾ ಬ್ಲೂಮಳ ಕಳೆದುಹೋದ ಮಾನ. ನೀವು ಪತ್ರಿಕೆಯಲ್ಲಿ ತಲೆಬರಹ ಬರೆದವರಲ್ಲವೇ, ಅದಕ್ಕೆ’ ಎಂದರು. ಕೈಗೆ ಬಂದದ್ದು ಆಹ್ವಾನವೋ ಸಮನ್ಸೋ ಎಂದು ಅನುಮಾನವಾಯಿತು.

ಇದು 1975ರ ಚಿತ್ರ. ಫೋಲ್ಕರ್ ಶ್ಲ್ಯೋಂಡಾರ್ಫ್ ಮತ್ತು ಮಾರ್ಗರೆಟೆ ಫಾನ್ ಟ್ರೋಟಾ ದಂಪತಿ ಸೇರಿ ನಿರ್ದೇಶಿಸಿದ್ದು. ಅದರ ಹಿಂದಿನ ವರ್ಷವಷ್ಟೇ ಹೊರಬಂದಿದ್ದ ಹೈನ್‌ರಿಶ್ ಬ್ಯೋಲ್ ಅವರ ಕಾದಂಬರಿ ಇದಕ್ಕೆ ಆಧಾರ. ಬ್ಯೋಲ್ ಅದನ್ನು ಸುಮ್ಮನೆ ಬರೆದದ್ದಲ್ಲ. 1972ರ ಆರಂಭದಲ್ಲಿ ಅವರು ‘ಡೆರ್ ಸ್ಪೀಗೆಲ್’ ವಾರಪತ್ರಿಕೆಯಲ್ಲಿ ಲೇಖನ ಬರೆದು, ತನಿಖೆ ಮುಗಿಯುವ ಮುನ್ನವೇ ಬಾಡರ್-ಮೈನ್‌ಹೋಫ್ ಉಗ್ರರ ಗುಂಪಿನ ಮೇಲೆ ಕೊಲೆ ಹೊರಿಸಿದ ‘ಬಿಲ್ಡ್’ ಪತ್ರಿಕೆಯನ್ನು ತರಾಟೆಗೆ ತೆಗೆದುಕೊಂಡಿದ್ದರು. ಆಮೇಲೆ ಅವರೇ ಉಗ್ರರ ಬೆಂಬಲಿಗರೆನಿಸಿಕೊಂಡರು, ಅವರ ಹಳ್ಳಿಮನೆಯನ್ನು ಪೊಲೀಸರು ಜಾಲಾಡಿದರು. ನೊಬೆಲ್ ಬಂದದ್ದೂ ಅದೇ ವರ್ಷ.

ಕಥೆ ಬುಧವಾರ ಶುರುವಾಗಿ ಭಾನುವಾರ ಮುಗಿಯುತ್ತದೆ. ರೈನ್ ನದಿ ಸೀಮೆಯ ಕಾರ್ನಿವಲ್ ದಿನಗಳು. ಮನೆಗೆಲಸ ಮಾಡಿ ಬದುಕುವ ಕಥರೀನಾ ಒಂದು ಕೂಟದಲ್ಲಿ ಲುಡ್ವಿಗ್ ಎಂಬವನ ಜೊತೆ ಕುಣಿದು, ಅವನನ್ನು ಮನೆಗೆ ಕರೆದೊಯ್ಯುತ್ತಾಳೆ. ಅವನು ಪೊಲೀಸರಿಗೆ ಬೇಕಾದವನು. ಬೆಳಗ್ಗೆ ಶಸ್ತ್ರ ಹಿಡಿದು ನುಗ್ಗಿದವರಿಗೆ ಸಿಕ್ಕಿದ್ದು ಮನೆಯುಡುಪಿನಲ್ಲಿದ್ದ ಒಬ್ಬ ಹೆಂಗಸು ಮಾತ್ರ.

ಮುಂದಿನದೆಲ್ಲ ಮಾತಿನ ಕೈಚಳಕ. ಅವಳು ಜಾಣೆ, ಉದ್ವೇಗವಿಲ್ಲದವಳು ಎಂದು ಧಣಿ ಹೇಳಿದ ಮಾತು ಪತ್ರಿಕೆಯಲ್ಲಿ ಅವಳನ್ನು ಕಲ್ಲೆದೆಯ ಲೆಕ್ಕಾಚಾರದವಳನ್ನಾಗಿ ಮಾಡುತ್ತದೆ. ವರದಿಗಾರ ಟ್ಯೋಟ್ಗೆಸ್ ಆಸ್ಪತ್ರೆಗೆ ಕದ್ದು ನುಗ್ಗುತ್ತಾನೆ. ಮಗಳಿಗೆ ಹೀಗೇಕಾಗಬೇಕಿತ್ತೆಂದು ಸಾಯುವ ಸ್ಥಿತಿಯಲ್ಲಿರುವ ತಾಯಿ ಸಂಕಟಪಟ್ಟರೆ, ಹೀಗಾಗಬೇಕಿತ್ತೆಂದು ಆಕೆ ಹೇಳಿದಂತೆ ಅಚ್ಚಾಗುತ್ತದೆ. ಕನ್ನಡದಲ್ಲಾದರೆ ಒಂದು ‘ಏಕೆ’ ಕಿತ್ತುಹಾಕಿದರೆ ಸಾಕು.

ನಾನೂ ಕಿತ್ತುಹಾಕಿದ್ದೇನೆ. ‘ಹಣ ಕದ್ದ ಆರೋಪ: ಮಹಿಳೆ ಬಂಧನ’ ಎಂಬುದು ಸಿಂಗಲ್ ಕಾಲಮ್ಮಿಗೆ ಹಿಡಿಯಲಿಲ್ಲ. ‘ಆರೋಪ’ ತೆಗೆದೆ, ಹಿಡಿಯಿತು. ರಾತ್ರಿ ಹನ್ನೊಂದಕ್ಕೆ ಪುಟ ಬಿಟ್ಟು ಮನೆಗೆ ಹೋಗಿ ನೆಮ್ಮದಿಯಾಗಿ ಮಲಗಿದೆ. ಆಕೆ ತಪ್ಪಿತಸ್ಥೆಯಲ್ಲ ಎಂಬ ಸುದ್ದಿ ಮುಂದೆ ಬಂತು, ಒಳಪುಟದ ಮೂಲೆಯಲ್ಲಿ. ಆ ತಲೆಬರಹ ಬರೆದವನೂ ನಾನೇ.

ಆಂಗೆಲಾ ವಿಂಕ್ಲರ್ ಅವರ ಅಭಿನಯವನ್ನು ಗಮನಿಸಿ ನೋಡಿ. ಅವರ ಕಥರೀನಾ ಅತ್ತು ಕರೆದು ನಮ್ಮ ಕನಿಕರ ಬೇಡುವುದಿಲ್ಲ. ಒಂದು ದೃಶ್ಯದಲ್ಲಿ, ತಾನು ದುಡಿದು ಕೊಂಡ, ಕನ್ನಡಿಯ ಹಾಗೆ ಒರೆಸಿಟ್ಟುಕೊಂಡ ಮನೆಯ ಗೋಡೆಗೆ ಬಾಟಲಿಗಳನ್ನು ಬೀಸಿ ಒಡೆಯುತ್ತಾಳೆ. ಮನೆಯೊಳಗೆ ಹೊಲಸು ಹೇಗೆ ಬಂತೆಂದು ಆ ಗೋಡೆಯ ಕಲೆಗಳೇ ಹೇಳುತ್ತವೆ.

ಚಿತ್ರದಲ್ಲಿ ನನಗೆ ಒಪ್ಪಿಗೆಯಾಗದ್ದೂ ಇದೆ. ಟ್ಯೋಟ್ಗೆಸ್ ಕಾಲಿಟ್ಟ ಕ್ಷಣದಿಂದಲೇ ನೀಚ. ಅವನನ್ನು ದ್ವೇಷಿಸಿ ಕೈತೊಳೆದುಕೊಳ್ಳುವುದು ನಮಗೆ ತೀರಾ ಸುಲಭವಾಗುತ್ತದೆ. ಕಾದಂಬರಿ ಹಾಗಲ್ಲ, ಕಚೇರಿಯ ವರದಿಯಂತೆ ತಣ್ಣಗೆ, ಮೊದಲ ಪುಟಗಳಲ್ಲೇ ಕಥರೀನಾ ಅವನನ್ನು ಗುಂಡಿಟ್ಟು ಕೊಂದದ್ದನ್ನು ಹೇಳಿಬಿಡುತ್ತದೆ. (ಹಾಗಾಗಿ ಗುಟ್ಟು ಒಡೆದ ಪಾಪ ಬ್ಯೋಲ್ ಅವರದು, ನನ್ನದಲ್ಲ.) ಚಿತ್ರ ಅದನ್ನು ಕೊನೆಗೆ ಇಟ್ಟುಕೊಂಡು ಪತ್ತೇದಾರಿ ಬಿಗುವನ್ನು ಗಳಿಸಿ, ಆ ತಣ್ಣನೆಯ ಕ್ರೌರ್ಯವನ್ನು ಕಳೆದುಕೊಂಡಿದೆ. ಆದರೆ ಕಾದಂಬರಿಯಲ್ಲಿಲ್ಲದ ಒಂದು ದೃಶ್ಯವನ್ನು ಸೇರಿಸಿದೆ: ಟ್ಯೋಟ್ಗೆಸ್‌ನ ಅಂತ್ಯಕ್ರಿಯೆಯಲ್ಲಿ ಪತ್ರಿಕಾ ಸ್ವಾತಂತ್ರ್ಯದ ಬಗ್ಗೆ ಮಾಡುವ ಭವ್ಯ ಭಾಷಣ. ಭಾಷಣ ಮಾಡುವವರೆಲ್ಲ ಅದನ್ನು ನೋಡಬೇಕು, ನಾನೂ ಸೇರಿ.

ಜರ್ಮನ್ ಹೆಸರಿನಲ್ಲಿ ಮಾನ ‘ಕಳೆದುಹೋಗುತ್ತದೆ’. ನಮ್ಮಲ್ಲಿ ಅದು ಹರಾಜಾಗುತ್ತದೆ. ನಮ್ಮ ಮಾತೇ ಈ ಕಥೆಗೆ ಹೆಚ್ಚು ಸರಿ ಅನ್ನಿಸುತ್ತದೆ, ಹರಾಜಿಗೆ ಕೂಗುವವನಷ್ಟೇ ಸಾಲದು, ಕೊಳ್ಳುವವರೂ ಬೇಕು. ಕಥರೀನಾಳಿಗೆ ಬರುವ ಕೊಳಕು ಪತ್ರಗಳನ್ನು ಟ್ಯೋಟ್ಗೆಸ್ ಬರೆದದ್ದಲ್ಲ. ಬೆಳಗ್ಗೆ ಕಾಫಿ ಕುಡಿಯುತ್ತಾ ಪೇಪರ್ ಓದಿದವರು ಬರೆದದ್ದು.

ಉತ್ಸವ ಉದ್ಘಾಟನೆಯಾಗಿದೆ. ಸಬ್‌ಟೈಟಲ್ ಅಕ್ಷರ ಸಣ್ಣದಿದೆಯಂತೆ. ಈ ಚಿತ್ರದಲ್ಲಿ ಒಂದು ಪದ ತಪ್ಪಿದರೂ ನಷ್ಟ. ಹಿಂದೆ ಕೂತವರು ದಯವಿಟ್ಟು ಮುಂದೆ ಬನ್ನಿ.