ಎರಡು ಬೀದಿ ಆಚೆ

ಹೆರಿಗೆಗೆಂದು ತವರಿಗೆ ಬಂದ ಮಗಳನ್ನು ಹಿಂದೆ ಇಡೀ ಕೇರಿಯೇ ನೋಡಿಕೊಳ್ಳುತ್ತಿತ್ತು. ಎಣ್ಣೆ ನೀರು ಹಾಕಲು ಒಬ್ಬರು, ಕೂಸು ಅತ್ತರೆ ಎತ್ತಿಕೊಳ್ಳಲು ಇನ್ನೊಬ್ಬರು. ಈಗ ಬಾಡಿಗೆ ಮನೆಯ ಒಂದೇ ಕೋಣೆ. ಗಂಡ ಕೆಲಸಕ್ಕೆ ಹೋದ ಮೇಲೆ ಹಸುಗೂಸಿನೊಂದಿಗೆ ತಾಯಿ ಒಬ್ಬಳೇ. ಯಾರನ್ನು ಕೇಳುವುದು?

ಎರಡು ಬೀದಿ ದಾಟಿದರೆ ಅಂಗನವಾಡಿ ಇರುತ್ತದೆ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಶುರುವಾದ ಯೋಜನೆಯ ಕೇಂದ್ರ ಅದು. ನಮ್ಮ ರಾಜ್ಯದಲ್ಲಿ ಮೊದಲು ಟಿ. ನರಸೀಪುರದಲ್ಲಿ. ಅಂಗನವಾಡಿ ಎಂದರೆ ಮಕ್ಕಳಿಗೆ ಉಪ್ಪಿಟ್ಟು ಕೊಡುವ ಜಾಗ ಎಂದಷ್ಟೇ ತಿಳಿದವರು ಬಹಳ. ಆದರೆ ಗರ್ಭಿಣಿ, ಬಾಣಂತಿಯರಿಗೆ ಮಾತೃಪೂರ್ಣ ಯೋಜನೆಯ ಊಟವೂ ಅಲ್ಲಿಂದಲೇ. ಒಮ್ಮೆ ಅಲ್ಲಿ ಕಂಡದ್ದು ಇನ್ನೂ ಕಣ್ಣಲ್ಲಿದೆ: ತಕ್ಕಡಿಯ ಜೋಳಿಗೆಯಲ್ಲಿ ಕೂಸು ಕೈಕಾಲು ಬಡಿಯುತ್ತಿತ್ತು. ಮುಳ್ಳು ನಿಲ್ಲುವವರೆಗೂ ಕಾದ ಕಾರ್ಯಕರ್ತೆ ಪಟ್ಟಿಯಲ್ಲಿ ಚುಕ್ಕೆಯಿಟ್ಟು, ತಾಯಿಯ ಮುಖ ನೋಡಿ, ‘ನೀನು ಊಟ ಮಾಡಿದೆಯೇನವ್ವಾ?’ ಎಂದಳು. ಆ ತಾಯಿ ಅತ್ತೇಬಿಟ್ಟಳು. ಎಷ್ಟು ದಿನದಿಂದ ಯಾರೂ ಕೇಳಿರಲಿಲ್ಲವೋ!

ಕೂಲಿಗೆ ಹೋಗುವ ತಾಯಂದಿರಿಗಾಗಿ ಹಲವು ಗ್ರಾಮ ಪಂಚಾಯಿತಿಗಳಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೂಸಿನ ಮನೆಗಳಿವೆ. ಸಂಕಟದಲ್ಲಿರುವ ಮಗುವಿಗಾಗಿ 1098ಕ್ಕೆ ಯಾರಾದರೂ ಕರೆ ಮಾಡಬಹುದು, ಖರ್ಚಿಲ್ಲ. ಆದರೆ ಗೊತ್ತಿರಬೇಕಾದವಳಿಗೇ ಇದೆಲ್ಲ ಗೊತ್ತಿರುವುದಿಲ್ಲ. ನಿಮ್ಮ ಬೀದಿಗೆ ಹೊಸದಾಗಿ ಬಂದವರ ಮನೆಯಲ್ಲಿ ತೊಟ್ಟಿಲು ಕಂಡರೆ ಇವತ್ತೇ ಮಾತಾಡಿಸಿ. ಮೊದಲ ಸಲ ಅಂಗನವಾಡಿಯ ತನಕ ಆ ತಾಯಿಯ ಜೊತೆ ನೀವೂ ಹೋಗಿ, ಚೀಲವನ್ನಾದರೂ ಹಿಡಿದುಕೊಳ್ಳಿ.