ಗಿಣ್ಣುಹಾಲು ಮತ್ತು ತಾಯಿಯ ಮೊದಲ ಹಾಲು



ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೆಂಗಿನ ಸೀಮೆಯಲ್ಲಿ ಹಸುವೋ ಎಮ್ಮೆಯೋ ಈದರೆ ಗಿಣ್ಣು ನೆರೆಮನೆಗೂ ಹೋಗುವುದು ವಾಡಿಕೆ. ಪರದೇಶಗಳಲ್ಲಿ ಹಾಲನ್ನು ಒಡೆಸಿ, ನೀರು ಬಸಿದು ಚೀಸ್ ಮಾಡುತ್ತಾರೆ. ನಮ್ಮ ಗಿಣ್ಣಿಗೆ ಹೆಪ್ಪೂ ಬೇಡ, ಹುಳಿಯೂ ಬೇಡ. ಈದ ಮೊದಲ ದಿನಗಳ ಹಾಲಿನಲ್ಲಿ ಸಸಾರಜನಕವು ಹೇರಳವಾಗಿರುವುದರಿಂದ, ಬೆಲ್ಲ ಏಲಕ್ಕಿ ಬೆರೆಸಿ ಹಬೆಯಲ್ಲಿ ಬೇಯಿಸಿದೊಡನೆ ಅದು ತಾನಾಗಿಯೇ ಗಟ್ಟಿಯಾಗುತ್ತದೆ. ಬಿಸಿಯಾಗಿ ತಿನ್ನುವವರುಂಟು, ಆರಿಸಿ, ತುಂಡು ಮಾಡಿ ಸವಿಯುವವರುಂಟು.

ಆದರೆ ಮೊದಲ ಪಾಲು ಕರುವಿನದು. ಹುಟ್ಟಿದ ಒಂದೆರಡು ಗಂಟೆಗಳೊಳಗೆ ಅದು ಕುಡಿದ ಗಿಣ್ಣುಹಾಲೇ ಅದಕ್ಕೆ ರೋಗಗಳಿಂದ ರಕ್ಷಣೆ. ಮಿಕ್ಕಿದ್ದನ್ನು ಚೆನ್ನಾಗಿ ಬೇಯಿಸಿಯೇ ತಿನ್ನಿರಿ. ಕಂದು ಹಾಕುವ ರೋಗವಿರುವ ಹಸುವಿನ ಹಸಿಹಾಲಿನಿಂದ ಮನುಷ್ಯರಿಗೂ ಆ ರೋಗ ತಗಲಿ, ಬಹುದಿನ ಕಾಡುವ ಜ್ವರ ಬರಬಹುದು.

ಕರುವಿಗೆ ಗಿಣ್ಣುಹಾಲು ಬೇಕೆಂದು ಬಲ್ಲ ಮನೆಯಲ್ಲಿಯೇ, ಬಾಣಂತಿಯ ಹಳದಿ ಬಣ್ಣದ ಮೊದಲ ಹಾಲನ್ನು ಕೆಟ್ಟದ್ದೆಂದು ಹಿಂಡಿ ಚೆಲ್ಲಿ, ಕೂಸಿಗೆ ಜೇನುತುಪ್ಪವನ್ನೋ ಸಕ್ಕರೆ ನೀರನ್ನೋ ನೆಕ್ಕಿಸುವುದುಂಟು. ಇದು ಸಲ್ಲದು. ಆ ಹಾಲು ಮಗುವಿಗೆ ಸಿಗುವ ಮೊದಲ ಲಸಿಕೆಯಂತೆ. ಹುಟ್ಟಿದ 1 ಗಂಟೆಯೊಳಗೆ ಮೊಲೆಯೂಡಿಸಿರಿ. ಕೆಲವೇ ಚಮಚದಷ್ಟು ಬಂದರೂ ಚಿಂತೆ ಬೇಡ. ಹಸುಗೂಸಿನ ಪುಟ್ಟ ಹೊಟ್ಟೆಗೆ ಆರಂಭದಲ್ಲಿ ಅಷ್ಟು ಸಾಕು. 6 ತಿಂಗಳು ತುಂಬುವವರೆಗೆ ಎದೆಹಾಲು, ವೈದ್ಯರು ಹೇಳಿದ ಔಷಧಿ ಹೊರತು ನೀರನ್ನೂ ಕೊಡಬೇಡಿರಿ.

ಬಾಣಂತಿಯು ಹಿರಿಯರ ಮಾತಿಗೆ ಎದುರಾಡಲಾರಳು. ಆದುದರಿಂದ ಹೆರಿಗೆಗೆ ಮುಂಚೆಯೇ ಪತಿಯು ಮನೆಯವರಿಗೆ ಇದನ್ನು ವಿನಯದಿಂದ ತಿಳಿಯಹೇಳಬೇಕು. ಕೊಟ್ಟಿಗೆಯ ಕರುವಿಗೆ ಸಲ್ಲುವ ಹಕ್ಕು ತೊಟ್ಟಿಲ ಕೂಸಿಗೂ ಸಲ್ಲಲಿ.