ಉದಾಹರಣೆ ಮೊದಲು, ಹೆಸರು ಆಮೇಲೆ

(ರಾಜ್ಯೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಬ್ಯಾಂಕಿನಲ್ಲಿ ಲೆಕ್ಕ ಬರೆಯುವ ನಾವು ಕಂಪ್ಯೂಟರಿನ ಮಾತನ್ನು ಎತ್ತಿಕೊಂಡೆವೆಂದು ತಾವು ಆಶ್ಚರ್ಯಪಡಬಾರದು. ಈ ಪುಣೆಯಲ್ಲಿ ನಮ್ಮ ಮನೆಗಳ ಎಷ್ಟೋ ಮಕ್ಕಳು ಆ ವಿದ್ಯೆಯನ್ನೇ ಕಲಿಯುತ್ತಿದ್ದಾರೆ. ಅದರಲ್ಲಿ 'ಫಂಕ್ಷನಲ್ ಪ್ರೋಗ್ರಾಮಿಂಗ್' ಎಂಬುದೊಂದು ಪದ್ಧತಿ. ಕೊಟ್ಟದ್ದಕ್ಕೆ ಉತ್ತರ ಹೇಳುವ ಸಣ್ಣ ಸಣ್ಣ ಫಂಕ್ಷನ್‌ಗಳನ್ನು ಜೋಡಿಸಿ ದೊಡ್ಡ ಕೆಲಸ ಸಾಧಿಸುವ ಕ್ರಮ. 1990ರಲ್ಲಿ ಹೊರಬಂದ ಹ್ಯಾಸ್ಕೆಲ್ ಇದರ ಪ್ರಸಿದ್ಧ ಭಾಷೆ. ಅದನ್ನು ಕಲಿಯಹೊರಟವರಲ್ಲಿ ಅನೇಕರು ಫಂಕ್ಟರ್, ಮೊನಾಡ್ ಎಂಬ ಹೆಸರುಗಳ ಮುಂದೆ ಎಡವಿ, 'ಇದು ನಮ್ಮ ತಲೆಗೆ ಹತ್ತುವುದಲ್ಲ' ಎಂದು ಪುಸ್ತಕ ಮುಚ್ಚುತ್ತಾರೆ. ದೋಷ ತಲೆಯದಲ್ಲ, ಕಲಿಸುವ ಕ್ರಮದ್ದು ಎಂಬುದೇ ನಮ್ಮ ಬಿನ್ನಹ.

ಫಂಕ್ಟರನ್ನೇ ನೋಡೋಣ. 100, 200, 300 ರೂಪಾಯಿಗಳ ಒಂದು ಪಟ್ಟಿ. ನೂರಕ್ಕೆ ಐದರಂತೆ ಬಡ್ಡಿ ಹಾಕುವ ಫಂಕ್ಷನನ್ನು ಪ್ರತಿಯೊಂದಕ್ಕೂ ಹಚ್ಚಿದರೆ 5, 10, 15 ಬರುತ್ತದೆ. ಮೊತ್ತಗಳು ಬದಲಾದವು, ಪಟ್ಟಿ ಪಟ್ಟಿಯಾಗಿಯೇ ಉಳಿಯಿತು. ಇನ್ನೊಂದು: ಖಾತೆಯ ನಂಬರು ಕೊಟ್ಟು ಶಿಲ್ಕು ಕೇಳಿದೆವು. ಖಾತೆ ಇದ್ದರೆ ಶಿಲ್ಕು, ಇಲ್ಲದಿದ್ದರೆ 'ಇಲ್ಲ' ಎಂಬ ಉತ್ತರ. ಇಂಥದಕ್ಕೆ ಹ್ಯಾಸ್ಕೆಲ್‌ನಲ್ಲಿ 'ಮೇಬಿ' ಎನ್ನುತ್ತಾರೆ. ಅದಕ್ಕೂ ಅದೇ ಬಡ್ಡಿಯ ಫಂಕ್ಷನನ್ನು ಹಚ್ಚಿರಿ. ಶಿಲ್ಕಿದ್ದರೆ ಬಡ್ಡಿ ಬಂದೀತು. 'ಇಲ್ಲ' ಎಂಬುದು 'ಇಲ್ಲ'ವಾಗಿಯೇ ನಿಂತೀತು. ಎರಡರಲ್ಲಿಯೂ ಒಳಗಿನದು ಬದಲಾಗಿ ಹೊರಗಿನ ಆಕಾರ ಉಳಿಯಿತಲ್ಲವೇ? ಹೀಗೆ ಹಚ್ಚಗೊಡುವ ಆಕಾರಕ್ಕೇ ಫಂಕ್ಟರ್ ಎಂದು ಹೆಸರು. ಎರಡು ಉದಾಹರಣೆ ಕಂಡವರಿಗೆ ಈ ಹೆಸರು ಭಾರವಾಗದು.

ಮೊನಾಡ್ ಇದಕ್ಕಿಂತ ಮೇಲಿನ ಮೆಟ್ಟಲು. ಅಲ್ಲಿಗೆ ಏರಿದವರು ಹತ್ತಿದ ಏಣಿಯನ್ನು ಮರೆತು ಉಪಮೆ ಹೇಳಹೊರಡುತ್ತಾರೆ. ಬ್ರೆಂಟ್ ಯಾರ್ಗಿ ಎಂಬವರು 2009ರಲ್ಲಿ ಇದನ್ನು ವಿನೋದವಾಗಿ ಬರೆದರು. ಒಬ್ಬನು ಮೊನಾಡಿನೊಡನೆ ಬಹುದಿನ ಗುದ್ದಾಡಿ, ಕಡೆಗೆ 'ಓಹೋ, ಇದು ಬುರ್ರಿಟೋ ಇದ್ದಂತೆ!' ಎಂದು ಹಿಗ್ಗಿ, ಅದನ್ನೇ ಪರರಿಗೆ ಬೋಧಿಸಹೊರಟನಂತೆ. ಬುರ್ರಿಟೋ ಎಂದರೆ ಅನ್ನ, ಪಲ್ಯ ತುಂಬಿ ಸುತ್ತಿದ ಮೆಕ್ಸಿಕೋದ ರೊಟ್ಟಿ. ಪಾಪ, ಕೇಳಿದವರಿಗೆ ದಕ್ಕುವುದು ರೊಟ್ಟಿ ಮಾತ್ರ! ಅವನಿಗೆ ಬೆಳಕು ತಂದದ್ದು ಆ ಉಪಮೆಯಲ್ಲ, ಅದಕ್ಕೆ ಮುಂಚಿನ ಗುದ್ದಾಟ.

ನಮ್ಮ ಕೂಸುಗಳು ಮನೆಗೆ, ಶಾಲೆಗೆ, ಊರಿಗೆ ಎಂದು ನೂರು ಸಲ ಆಡಿದ ಮೇಲಲ್ಲವೇ ಚತುರ್ಥೀ ವಿಭಕ್ತಿಯ ಹೆಸರು ಕೇಳುವುದು? ಪರಊರಿನಲ್ಲಿ ಬೆಳೆಯುವ ಮಕ್ಕಳಿಗೆ ಮೊದಲೇ ವ್ಯಾಕರಣ ಹೇರಿದರೆ ಕನ್ನಡವೂ ಕಬ್ಬಿಣದ ಕಡಲೆಯಾದೀತು. ಆದುದರಿಂದ ತರುಣರು ಹೆಸರಿಗೆ ಹೆದರದೆ ನಾಲ್ಕಾರು ಲೆಕ್ಕಗಳನ್ನು ಕೈಯಾರೆ ಮಾಡಲಿ. ಹಿರಿಯರಾದ ನಾವು 'ಇಷ್ಟೂ ತಿಳಿಯದೇ?' ಎಂದು ಗದರದೆ ಇನ್ನೊಂದು ಉದಾಹರಣೆ ಕೊಡೋಣ.